ಹಿಮಹಾಸುಗಳ ನಡೆಯನ್ನು ಅಳೆಯುವ ಉಪಗ್ರಹ ಮಾಹಿತಿ ಹಾಸನದ ತರಗತಿಗಳಿಗೂ ಬರಲಿ

ಮಾನ್ಯ ಸಂಪಾದಕರಿಗೆ ವಂದನೆಗಳು.

2025ರ ಜುಲೈ 30ರಂದು ಶ್ರೀಹರಿಕೋಟದಿಂದ ನಿಸಾರ್ ಉಪಗ್ರಹ ಮೇಲೇರಿದಾಗ ಕನ್ನಡ ಪತ್ರಿಕೆಗಳು ಆ ಸುದ್ದಿಗೆ ಕೊಟ್ಟ ಜಾಗವನ್ನು ಕಂಡು ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಇಸ್ರೊ ಮತ್ತು ನಾಸಾ ಕೂಡಿ ದುಡಿದ ಬಗೆ, ಉಪಗ್ರಹದ ತೂಕ, ಕೊಡೆಯಂತೆ ಬಿಚ್ಚಿಕೊಳ್ಳುವ 12 ಮೀಟರ್ ಅಗಲದ ಆಂಟೆನಾ ಎಲ್ಲವೂ ಓದುಗರಿಗೆ ತಲುಪಿದವು. ಕಕ್ಷೆ ಸೇರಿದ ಮೇಲೆ ಅದು ನೋಡುವುದೇನನ್ನು ಎಂಬ ಬಗ್ಗೆ ಮಾತ್ರ ಅಷ್ಟು ಬರಹಗಳು ಕಾಣಲಿಲ್ಲ. ಆ ಉಪಗ್ರಹಕ್ಕೆ ಒಪ್ಪಿಸಿರುವ ಮುಖ್ಯ ಕೆಲಸಗಳಲ್ಲಿ ಒಂದು, ಗ್ರೀನ್‌ಲ್ಯಾಂಡ್ ಮತ್ತು ಅಂಟಾರ್ಟಿಕಾವನ್ನು ಮುಚ್ಚಿರುವ ಹಿಮಹಾಸುಗಳು ಸಮುದ್ರದ ಕಡೆಗೆ ಎಷ್ಟು ವೇಗವಾಗಿ ಸರಿಯುತ್ತಿವೆ ಎಂಬುದನ್ನು ಮತ್ತೆ ಮತ್ತೆ ಅಳೆಯುವುದು. ಈ ಅಳತೆಗಳು ಜಗತ್ತಿನ ಎಲ್ಲರಿಗೂ ಉಚಿತವಾಗಿ ತೆರೆದಿರಬೇಕೆಂಬುದು ಆ ಯೋಜನೆಯ ನೀತಿ. ಹಾಸನ ಜಿಲ್ಲೆಯ ಪದವಿ ಕಾಲೇಜುಗಳಲ್ಲಿ ಭೂಗೋಳ ಮತ್ತು ಭೌತಶಾಸ್ತ್ರ ಓದುತ್ತಿರುವ ವಿದ್ಯಾರ್ಥಿಗಳು ಇಂಥ ಮಾಹಿತಿಯನ್ನು ತಾವೇ ತೆರೆದು, ತಾವೇ ಲೆಕ್ಕ ಹಾಕುವಂತಾಗಬೇಕು ಎಂಬ ಒಂದೇ ಕೋರಿಕೆಯನ್ನು ತಮ್ಮ ಪತ್ರಿಕೆಯ ಮೂಲಕ ಮುಂದಿಡಲು ಬಯಸುತ್ತೇನೆ. ಕೋರಿಕೆ ಚಿಕ್ಕದಾದರೂ ಅದರ ಕಾರಣಗಳನ್ನು ತಿಳಿಸಲು ಸ್ವಲ್ಪ ದೀರ್ಘವಾಗಿಯೇ ಬರೆಯಬೇಕಾಗಿದೆ.

ಧ್ರುವಪ್ರದೇಶದ ಹಿಮದ ವಿಷಯ ಬಂದಾಗಲೆಲ್ಲ ನಮ್ಮಲ್ಲಿ ನಡೆಯುವ ಚರ್ಚೆ ಕರಗುವಿಕೆಯ ಸುತ್ತಲೇ ಸುತ್ತುತ್ತದೆ. ಬಿಸಿಲು ಹೆಚ್ಚಿತು, ಹಿಮ ನೀರಾಯಿತು, ಸಮುದ್ರ ಏರಿತು ಎಂಬ ಚಿತ್ರ ಎಲ್ಲರ ಮನಸ್ಸಿನಲ್ಲಿದೆ. ಅಂಟಾರ್ಟಿಕಾದ ಮಟ್ಟಿಗೆ ಈ ಚಿತ್ರ ಸಾಲದು. ಆ ಖಂಡದ ಬಹುಭಾಗದಲ್ಲಿ ಬೇಸಿಗೆಯಲ್ಲೂ ಉಷ್ಣತೆ ಸೊನ್ನೆಗಿಂತ ಬಹಳ ಕೆಳಗೇ ಇರುವುದರಿಂದ ಮೇಲ್ಮೈ ಕರಗಿ ಹರಿದುಹೋಗುವ ನೀರು ಅತ್ಯಲ್ಪ. ಅಲ್ಲಿ ಹಿಮ ನಷ್ಟವಾಗುವುದು ಹಿಮಹಾಸು ಮೆಲ್ಲನೆ ಜರುಗಿ ಸಮುದ್ರಕ್ಕೆ ಇಳಿಯುವುದರಿಂದ. ಅಂಚಿಗೆ ಬಂದ ಹಿಮ ಬಂಡೆಗಳಾಗಿ ಮುರಿದು ತೇಲಿಹೋಗುತ್ತದೆ, ಇಲ್ಲವೇ ಅಡಿಯಿಂದ ಸಮುದ್ರದ ನೀರು ಅದನ್ನು ಕರಗಿಸುತ್ತದೆ. ಒಳನಾಡಿನಲ್ಲಿ ವರ್ಷ ವರ್ಷ ಬೀಳುವ ಹಿಮ ಆದಾಯವಾದರೆ, ಅಂಚಿನಲ್ಲಿ ಸಮುದ್ರ ಸೇರುವ ಹಿಮ ವೆಚ್ಚ. ವೆಚ್ಚ ಎಷ್ಟೆಂದು ತಿಳಿಯಬೇಕಾದರೆ ಹಿಮದ ದಪ್ಪದ ಜೊತೆಗೆ ಅದರ ವೇಗವೂ ಗೊತ್ತಿರಬೇಕು. ಗ್ರೀನ್‌ಲ್ಯಾಂಡಿನಲ್ಲಿ ಮೇಲ್ಮೈ ಕರಗುವುದೂ ಅಂಚಿಗೆ ಜರುಗುವುದೂ ಎರಡೂ ದೊಡ್ಡ ಪ್ರಮಾಣದಲ್ಲಿವೆ. ಅಲ್ಲಿಯೂ ವೇಗ ತಿಳಿಯದೆ ಲೆಕ್ಕ ಪೂರ್ಣವಾಗುವುದಿಲ್ಲ.

ಕೈಯಲ್ಲಿ ಹಿಡಿದರೆ ಕಲ್ಲಿನಂತೆ ಗಟ್ಟಿಯಾಗಿರುವ ಮಂಜುಗಡ್ಡೆ ಹೇಗೆ ಹರಿಯುತ್ತದೆ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ, ಕೇಳಬೇಕಾದ ಪ್ರಶ್ನೆಯೇ ಅದು. ತಟ್ಟೆಯ ನಡುವೆ ಸುರಿದ ಜೋನಿಬೆಲ್ಲ ಯಾರೂ ತಳ್ಳದೆ ತನ್ನ ಭಾರಕ್ಕೆ ತಾನೇ ಅಂಚಿನತ್ತ ಹರಡಿಕೊಳ್ಳುವಂತೆ, ಸರಾಸರಿ 2 ಕಿಲೋಮೀಟರಿನಷ್ಟು ದಪ್ಪವಿರುವ ಹಿಮರಾಶಿಯೂ ತನ್ನ ಭಾರದಿಂದಲೇ ಹೊರಕ್ಕೆ ಜರುಗುತ್ತದೆ. ಬ್ರಿಟನ್ನಿನ ಭೌತವಿಜ್ಞಾನಿ ಜಾನ್ ಗ್ಲೆನ್ 1950ರ ದಶಕದಲ್ಲಿ ಪ್ರಯೋಗಾಲಯದಲ್ಲಿ ಹಿಮದ ತುಂಡುಗಳ ಮೇಲೆ ಭಾರ ಹೇರಿ ಪರೀಕ್ಷಿಸಿ ಕಂಡುಕೊಂಡ ನಿಯಮದ ಪ್ರಕಾರ, ಹಿಮದ ಮೇಲಿನ ಒತ್ತಡ ಎರಡರಷ್ಟಾದರೆ ಅದು ರೂಪ ಬದಲಿಸುವ ವೇಗ ಸುಮಾರು ಎಂಟರಷ್ಟಾಗುತ್ತದೆ. ಇದು ಹಿಮದ ಒಳಗಿನ ಚಲನೆಯಾಯಿತು. ಅಡಿಯಲ್ಲಿ ಭೂಮಿಯ ಶಾಖದಿಂದಲೂ ಉಜ್ಜಾಟದಿಂದಲೂ ಕರಗಿದ ನೀರಿನ ಪದರವಿದ್ದರೆ ಇಡೀ ಹಿಮರಾಶಿ ನೆಲದ ಮೇಲೆ ಜಾರತೊಡಗುತ್ತದೆ. ಹೀಗಾಗಿಯೇ ಅಂಟಾರ್ಟಿಕಾದ ಒಳನಾಡಿನಲ್ಲಿ ವರ್ಷಕ್ಕೆ ಕೆಲವೇ ಮೀಟರ್ ಚಲಿಸುವ ಹಿಮ, ಹಿಮಪ್ರವಾಹಗಳೆಂದು ಕರೆಯಲಾಗುವ ಪಟ್ಟಿಗಳಲ್ಲಿ ವರ್ಷಕ್ಕೆ ನೂರಾರು ಮೀಟರ್, ಕೆಲವು ಅಂಚುಗಳಲ್ಲಿ ಕಿಲೋಮೀಟರ್‌ಗಟ್ಟಲೆ ಓಡುತ್ತದೆ.

ಇಂಥ ಚಲನೆಯನ್ನು ಮೊದಲು ಅಳೆಯುತ್ತಿದ್ದುದು ಹಿಮದಲ್ಲಿ ಕೋಲು ನೆಟ್ಟು, ಮುಂದಿನ ವರ್ಷ ಮತ್ತೆ ಅಲ್ಲಿಗೆ ಹೋಗಿ ಅದು ಎಲ್ಲಿಗೆ ಸರಿದಿದೆ ಎಂದು ನೋಡುವುದರ ಮೂಲಕ. ಎಪ್ಪತ್ತಕ್ಕೂ ಹೆಚ್ಚು ಕರ್ನಾಟಕಗಳಷ್ಟು ವಿಸ್ತಾರದ ಖಂಡದಲ್ಲಿ ಈ ವಿಧಾನದಿಂದ ಎಷ್ಟು ಬಿಂದುಗಳನ್ನು ಅಳೆಯಬಹುದೆಂಬುದನ್ನು ಯಾರಾದರೂ ಊಹಿಸಬಹುದು. 1991ರಲ್ಲಿ ಅಮೆರಿಕದ ರಾಬರ್ಟ್ ಬಿಂಡ್‌ಷ್ಯಾಡ್ಲರ್ ಮತ್ತು ಟೆಡ್ ಸ್ಕ್ಯಾಂಬೋಸ್ ಲ್ಯಾಂಡ್‌ಸ್ಯಾಟ್ ಉಪಗ್ರಹದ ಬೇರೆ ಬೇರೆ ಕಾಲದ ಚಿತ್ರಗಳನ್ನು ಹೋಲಿಸಿ, ಹಿಮದ ಮೇಲಿನ ಬಿರುಕುಗಳೂ ಉಬ್ಬುತಗ್ಗುಗಳೂ ಎಷ್ಟು ದೂರ ಸರಿದಿವೆಯೆಂದು ಕಂಪ್ಯೂಟರಿನಿಂದ ಗುರುತಿಸಿ, ಒಂದು ಇಡೀ ಹಿಮಪ್ರವಾಹದ ವೇಗದ ನಕ್ಷೆಯನ್ನು ಪ್ರಕಟಿಸಿದರು. ಎರಡು ಚಿತ್ರಗಳು, ನಡುವಿನ ಕಾಲ, ಸರಿದ ದೂರ ಇಷ್ಟೇ ಇದರ ಹಿಂದಿನ ಗಣಿತ. ಆದರೆ ಕ್ಯಾಮೆರಾ ಇರುವ ಉಪಗ್ರಹಕ್ಕೆ ಬೆಳಕು ಬೇಕು, ಮೋಡವಿಲ್ಲದ ಆಕಾಶ ಬೇಕು. ತಿಂಗಳುಗಟ್ಟಲೆ ಕತ್ತಲಿರುವ ಧ್ರುವದಲ್ಲಿ ಅದರ ಕಣ್ಣು ವರ್ಷದ ಬಹುಕಾಲ ಮುಚ್ಚಿಯೇ ಇರುತ್ತದೆ.

ಆ ಕೊರತೆಯನ್ನು ನೀಗಿದ್ದು ರೇಡಾರ್. ಅದು ತಾನೇ ಅಲೆಯನ್ನು ಕಳಿಸಿ ತಾನೇ ಮರಳಿ ಪಡೆಯುವುದರಿಂದ ಅದಕ್ಕೆ ಸೂರ್ಯನ ಹಂಗಿಲ್ಲ, ಮೋಡವೂ ಅಡ್ಡಿಯಲ್ಲ. 1991ರಲ್ಲಿ ಐರೋಪ್ಯ ಬಾಹ್ಯಾಕಾಶ ಸಂಸ್ಥೆ ಹಾರಿಸಿದ ಇಆರ್‌ಎಸ್-1 ಉಪಗ್ರಹ ಅಂಟಾರ್ಟಿಕಾದ ರಟ್‌ಫರ್ಡ್ ಹಿಮಪ್ರವಾಹವನ್ನು ಕೆಲವೇ ದಿನಗಳ ಅಂತರದಲ್ಲಿ ಎರಡು ಬಾರಿ ನೋಡಿತ್ತು. ಆ ಎರಡು ನೋಟಗಳಲ್ಲಿ ಮರಳಿ ಬಂದ ಅಲೆಗಳ ಪ್ರಾವಸ್ಥೆಯನ್ನು, ಅಂದರೆ ಅಲೆ ತನ್ನ ಏರಿಳಿತದ ಯಾವ ಘಟ್ಟದಲ್ಲಿ ಮರಳಿತು ಎಂಬುದನ್ನು, ಒಂದರಿಂದ ಇನ್ನೊಂದನ್ನು ಕಳೆದು ನೋಡಿದ ರಿಚರ್ಡ್ ಗೋಲ್ಡ್‌ಸ್ಟೀನ್ ಮತ್ತು ಸಂಗಡಿಗರು 1993ರಲ್ಲಿ ಹಿಮದ ಚಲನೆಯನ್ನು ಈ ಬಗೆಯಿಂದ ಅಳೆಯಬಹುದೆಂದು ತೋರಿಸಿಕೊಟ್ಟರು. ಆ ರೇಡಾರಿನ ಅಲೆಯ ಉದ್ದ 5.6 ಸೆಂಟಿಮೀಟರ್. ಹಿಮ ಉಪಗ್ರಹದ ಕಡೆಗೋ ಅದರಿಂದ ಆಚೆಗೋ 2.8 ಸೆಂಟಿಮೀಟರ್ ಸರಿದರೆ ಅಲೆ ಹೋಗಿ ಬರುವ ಹಾದಿಯಲ್ಲಿ ಒಂದು ಪೂರ್ಣ ಅಲೆಯ ವ್ಯತ್ಯಾಸವಾಗಿ, ಚಿತ್ರದಲ್ಲಿ ಒಂದು ಬಣ್ಣದ ಪಟ್ಟೆ ಮೂಡುತ್ತದೆ. ನೂರಾರು ಕಿಲೋಮೀಟರ್ ಎತ್ತರದಿಂದ ಸೆಂಟಿಮೀಟರುಗಳ ಚಲನೆಯನ್ನು ಓದುವ ಈ ಉಪಾಯದ ಮೂಲತತ್ತ್ವವಾದ ಅಲೆಗಳ ವ್ಯತಿಕರಣ ನಮ್ಮ ಪಿಯುಸಿ ಭೌತಶಾಸ್ತ್ರದ ಪಠ್ಯದಲ್ಲೇ ಇದೆ. ಎರಡು ಸೀಳುಗಳ ಪ್ರಯೋಗವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುವ ಹುಡುಗ ಹುಡುಗಿಯರಿಗೆ ಅದೇ ತತ್ತ್ವ ಇಲ್ಲಿ ಒಂದು ಖಂಡವನ್ನು ಅಳೆಯುತ್ತಿದೆ ಎಂದು ತೋರಿಸಿದರೆ ಆಗುವ ಪರಿಣಾಮವನ್ನು ನಾನು ತರಗತಿಯಲ್ಲಿ ಕಂಡಿದ್ದೇನೆ.

ವಿಧಾನಕ್ಕೆ ಮಿತಿಗಳಿವೆ, ಅವನ್ನೂ ವಿದ್ಯಾರ್ಥಿಗಳು ತಿಳಿಯಬೇಕು. ಒಂದು ದಿಕ್ಕಿನಿಂದ ನೋಡಿದ ರೇಡಾರಿಗೆ ತನ್ನತ್ತ ಬರುವ ಅಥವಾ ತನ್ನಿಂದ ದೂರ ಸರಿಯುವ ಚಲನೆ ಮಾತ್ರ ಕಾಣುತ್ತದೆ. ಪೂರ್ಣ ದಿಕ್ಕು ತಿಳಿಯಲು ಬೇರೆ ಹಾದಿಯಿಂದ ನೋಡಿದ ಇನ್ನೊಂದು ಅಳತೆ ಬೇಕು. ಎರಡು ನೋಟಗಳ ನಡುವೆ ಹೊಸ ಹಿಮ ಬಿದ್ದರೆ, ಗಾಳಿ ಮೇಲ್ಮೈಯನ್ನು ಕೆದಕಿದರೆ, ಅಥವಾ ಹಿಮ ಕರಗಿ ತೇವವಾದರೆ ಅಲೆಗಳ ಹೊಂದಾಣಿಕೆ ಕೆಟ್ಟು ಪಟ್ಟೆಗಳು ಕಲಸಿಹೋಗುತ್ತವೆ. ಉದ್ದ ಅಲೆಯ ರೇಡಾರ್ ಇಂಥ ಸಣ್ಣ ಬದಲಾವಣೆಗಳಿಗೆ ಅಷ್ಟಾಗಿ ಬಗ್ಗುವುದಿಲ್ಲ. ನಿಸಾರ್‌ನ ಮಹತ್ವ ಇಲ್ಲಿದೆ: ನಾಸಾ ಕಡೆಯ ಎಲ್-ಬ್ಯಾಂಡ್ ರೇಡಾರಿನ ಅಲೆಯ ಉದ್ದ ಸುಮಾರು 24 ಸೆಂಟಿಮೀಟರ್, ಇಸ್ರೊ ಕಡೆಯ ಎಸ್-ಬ್ಯಾಂಡ್ ರೇಡಾರಿನದು ಸುಮಾರು 9 ಸೆಂಟಿಮೀಟರ್, ಒಂದೇ ಕಕ್ಷೆಗೆ 12 ದಿನಗಳಿಗೊಮ್ಮೆ ಮರಳುವ ಈ ಉಪಗ್ರಹವನ್ನು ಎಡಕ್ಕೆ ನೋಡುವಂತೆ ಹಾರಿಸಲಾಗಿರುವುದರಿಂದ, ಬಲಕ್ಕೆ ನೋಡುವ ಇತರ ಅನೇಕ ರೇಡಾರ್ ಉಪಗ್ರಹಗಳಿಗೆ ಸುಲಭವಾಗಿ ಸಿಗದ ಅಂಟಾರ್ಟಿಕಾದ ಒಳನಾಡು ಇದಕ್ಕೆ ಕ್ರಮವಾಗಿ ಸಿಗುತ್ತದೆ. ಇದರ ಭಾಗಗಳನ್ನು ಕೊನೆಗೆ ಒಂದುಗೂಡಿಸಿದ್ದು ಬೆಂಗಳೂರಿನಲ್ಲಿ, ನಮ್ಮ ಉಡುಪಿ ಜಿಲ್ಲೆಯ ಅದಮಾರಿನವರಾದ ಯು.ಆರ್. ರಾವ್ ಅವರ ಹೆಸರಿನ ಉಪಗ್ರಹ ಕೇಂದ್ರದಲ್ಲಿ.

ಈ ಅಳತೆಗಳು ಏನನ್ನು ಹೊರಗೆಡವಿದವು ಎಂಬುದಕ್ಕೆ 2002ರ ಒಂದು ಘಟನೆ ಸಾಕು. ಆ ವರ್ಷದ ಫೆಬ್ರುವರಿ ಮತ್ತು ಮಾರ್ಚ್ ತಿಂಗಳುಗಳಲ್ಲಿ ಅಂಟಾರ್ಟಿಕ ಪರ್ಯಾಯದ್ವೀಪದ ಲಾರ್ಸೆನ್-ಬಿ ಎಂಬ ತೇಲುವ ಹಿಮಚಾಚಿನ ಸುಮಾರು 3,250 ಚದರ ಕಿಲೋಮೀಟರ್ ಭಾಗ, ಅಂದರೆ ಹಾಸನ ಜಿಲ್ಲೆಯ ಅರ್ಧದಷ್ಟು ವಿಸ್ತಾರ, ಕೆಲವೇ ವಾರಗಳಲ್ಲಿ ಚೂರುಚೂರಾಗಿ ಸಮುದ್ರಪಾಲಾಯಿತು. ತೇಲುತ್ತಿದ್ದ ಹಿಮ ಮುರಿದರೆ ಸಮುದ್ರದ ಮಟ್ಟ ಹೆಚ್ಚೇನೂ ಏರುವುದಿಲ್ಲ. ಆದರೆ ಅದರ ಹಿಂದೆ ನೆಲದ ಮೇಲಿದ್ದ ಹಿಮನದಿಗಳು ತಡೆ ಕಳೆದುಕೊಂಡು ವೇಗ ಹೆಚ್ಚಿಸಿಕೊಂಡವು. ಕೆಲವು ಮೊದಲಿಗಿಂತ ಹಲವು ಪಟ್ಟು ವೇಗವಾಗಿ ಹರಿಯತೊಡಗಿದ್ದನ್ನು ಉಪಗ್ರಹಗಳು ದಾಖಲಿಸಿದವು. ಹಿಮಹಾಸು ಸಾವಿರಾರು ವರ್ಷಗಳ ಲೆಕ್ಕದಲ್ಲಿ ಮಾತ್ರ ಬದಲಾಗುತ್ತದೆ ಎಂಬ ನಂಬಿಕೆ ಅಲ್ಲಿಗೆ ಅಲುಗಾಡಿತು. ಗ್ರೀನ್‌ಲ್ಯಾಂಡಿನ ಯಾಕೊಬ್ಸ್‌ಹಾವ್ನ್ ಹಿಮನದಿ 2012ರ ಬೇಸಿಗೆಯಲ್ಲಿ ದಿನಕ್ಕೆ 46 ಮೀಟರ್ ವೇಗ ಮುಟ್ಟಿತು. ಕೆಲವು ವರ್ಷಗಳ ನಂತರ ಅದರ ಮುಂದಿನ ಸಮುದ್ರದ ನೀರು ತಣ್ಣಗಾದಾಗ ನಿಧಾನವೂ ಆಯಿತು. ಒಮ್ಮೆ ಅಳೆದು ಬಿಟ್ಟರೆ ಸಾಲದು, ಬಿಡದೆ ಅಳೆಯುತ್ತಲೇ ಇರಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ.

ಅಂಟಾರ್ಟಿಕಾದ ಪೂರ್ಣ ವೇಗದ ನಕ್ಷೆಯೇ ಮೊದಲ ಬಾರಿಗೆ ಸಿದ್ಧವಾದದ್ದು 2011ರಲ್ಲಿ, ಎರಿಕ್ ರಿನ್ಯೊ ಮತ್ತು ಸಂಗಡಿಗರಿಂದ, ಜಪಾನ್, ಕೆನಡಾ, ಐರೋಪ್ಯ ದೇಶಗಳ ರೇಡಾರ್ ಉಪಗ್ರಹಗಳ ಮಾಹಿತಿಯನ್ನು ಸೇರಿಸಿ. ಅದಕ್ಕೂ ಮೊದಲು, ಹವಾಮಾನ ಬದಲಾವಣೆಯನ್ನು ಕುರಿತ ವಿಶ್ವಸಂಸ್ಥೆಯ ಸಮಿತಿಯಾದ ಐಪಿಸಿಸಿಯ 2007ರ ವರದಿ ಈ ಶತಮಾನದ ಕೊನೆಗೆ ಸಮುದ್ರಮಟ್ಟ 18ರಿಂದ 59 ಸೆಂಟಿಮೀಟರ್ ಏರಬಹುದೆಂದು ಅಂದಾಜಿಸಿದಾಗ, ಹಿಮಹಾಸುಗಳ ಹರಿವಿನಲ್ಲಿ ಮುಂದೆ ಆಗಬಹುದಾದ ತೀವ್ರ ಬದಲಾವಣೆಗಳನ್ನು ಆ ಲೆಕ್ಕಕ್ಕೆ ಸೇರಿಸಿಲ್ಲವೆಂದು ಸ್ಪಷ್ಟವಾಗಿಯೇ ಬರೆದಿತ್ತು, ಏಕೆಂದರೆ ಅದನ್ನು ಲೆಕ್ಕ ಹಾಕುವಷ್ಟು ತಿಳಿವಳಿಕೆ ಆಗ ಇರಲಿಲ್ಲ. 2021ರ ವರದಿಯಲ್ಲಿ ಸಂಭವನೀಯ ಏರಿಕೆಯ ಮೇಲ್ಮಿತಿ 1 ಮೀಟರಿಗೆ ಬಂದಿದೆ; ಹೊರಸೂಸುವಿಕೆ ಅತಿ ಹೆಚ್ಚಿದ್ದು ಹಿಮಹಾಸುಗಳು ಅಸ್ಥಿರವಾದರೆ ಅದು 2 ಮೀಟರಿಗೆ ಸಮೀಪಿಸುವ ಸಾಧ್ಯತೆಯನ್ನೂ ತಳ್ಳಿಹಾಕಲಾಗದು ಎಂದು ಹೇಳಲಾಗಿದೆ. ಈ ಅನಿಶ್ಚಿತತೆಯ ದೊಡ್ಡ ಪಾಲು ಹಿಮಹಾಸುಗಳ ವರ್ತನೆಯದೇ.

ಈ ಲೆಕ್ಕದಲ್ಲಿ ಎಲ್ಲರ ಕಣ್ಣು ನೆಟ್ಟಿರುವುದು ಪಶ್ಚಿಮ ಅಂಟಾರ್ಟಿಕಾದ ಥ್ವೇಟ್ಸ್ ಹಿಮನದಿಯ ಮೇಲೆ. ಅದರ ವಿಸ್ತಾರ ಸುಮಾರು 1,92,000 ಚದರ ಕಿಲೋಮೀಟರ್. ನಮ್ಮ ರಾಜ್ಯದ್ದು 1,91,791. ಬೀದರಿನಿಂದ ಚಾಮರಾಜನಗರದವರೆಗೆ ಇಡೀ ಕರ್ನಾಟಕವೇ ಒಂದು ಹಿಮನದಿ ಎಂದುಕೊಂಡರೆ ಅದರ ಗಾತ್ರ ಮನಸ್ಸಿಗೆ ಬರುತ್ತದೆ. ಅದು ಪೂರ್ತಿಯಾಗಿ ಕುಸಿದರೆ ಜಗತ್ತಿನ ಸಮುದ್ರಮಟ್ಟ ಸುಮಾರು 65 ಸೆಂಟಿಮೀಟರ್ ಏರುತ್ತದೆ. ಅದರ ತಳವಿರುವುದು ಸಮುದ್ರಮಟ್ಟಕ್ಕಿಂತ ಕೆಳಗೆ, ಅದೂ ಒಳಗೆ ಹೋದಂತೆ ಇನ್ನೂ ಇಳಿಜಾರಾಗಿರುವ ನೆಲದ ಮೇಲೆ; ಹಿಮ ನೆಲವನ್ನು ಬಿಟ್ಟು ತೇಲಲು ಆರಂಭಿಸುವ ಗೆರೆ ಹಿಂದೆ ಸರಿದಷ್ಟೂ ದಪ್ಪನೆಯ ಹಿಮ ಸಮುದ್ರಕ್ಕೆ ಒಡ್ಡಿಕೊಳ್ಳುತ್ತದೆ. ಆ ಗೆರೆಯನ್ನು ಹುಡುಕುವುದೂ ರೇಡಾರಿನ ಕೆಲಸವೇ. ತೇಲುವ ಹಿಮ ಸಮುದ್ರದ ಉಬ್ಬರ ಇಳಿತಗಳೊಂದಿಗೆ ಏರಿ ಇಳಿಯುತ್ತದೆ, ನೆಲದ ಮೇಲಿರುವ ಹಿಮ ಹಾಗೆ ಮಾಡುವುದಿಲ್ಲ. ಬೇರೆ ಬೇರೆ ಉಬ್ಬರದ ವೇಳೆಯ ಚಿತ್ರಗಳನ್ನು ಒಂದರಿಂದ ಒಂದು ಕಳೆದಾಗ ಹರಿವಿನ ಭಾಗ ಹೊರಟುಹೋಗಿ, ಹಿಮ ಬಾಗುವ ಜಾಗದಲ್ಲಿ ಪಟ್ಟೆಗಳು ಒತ್ತೊತ್ತಾಗಿ ನಿಲ್ಲುತ್ತವೆ. ಮನುಷ್ಯ ಕಾಲಿಡಲು ಹೆದರುವ ಬಿರುಕುಗಳ ನಾಡಿನಲ್ಲಿ, ಒಂದು ಕಿಲೋಮೀಟರಿಗೂ ಹೆಚ್ಚು ದಪ್ಪವಿರುವ ಹಿಮದ ಅಡಿಯ ಗೆರೆಯನ್ನು ಹೀಗೆ ಮೇಲಿನಿಂದಲೇ ಎಳೆಯಬಹುದು.

ಹಾಸನಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಸಮುದ್ರ ನಮಗೆ ಘಟ್ಟದ ಕೆಳಗಿದೆ, ಅಷ್ಟೇ. ನಮ್ಮ ಸಕಲೇಶಪುರ, ಬೇಲೂರುಗಳ ಕಾಫಿ ಹಡಗೇರುವ ಬಂದರು ಮಂಗಳೂರಿನಲ್ಲಿದೆ. ಉಳ್ಳಾಲದ ಕಡಲ್ಕೊರೆತದ ಸುದ್ದಿಯನ್ನು ನಾವು ಪ್ರತಿ ಮಳೆಗಾಲ ಓದುತ್ತೇವೆ. ಇಲ್ಲಿ ಬಹಳ ಜನರಿಗೆ ತಿಳಿಯದ ಒಂದು ಸಂಗತಿಯನ್ನು ಹೇಳಲೇಬೇಕು. ದೊಡ್ಡ ಹಿಮಹಾಸು ತನ್ನ ಗುರುತ್ವದಿಂದ ಸುತ್ತಲಿನ ಸಮುದ್ರದ ನೀರನ್ನು ತನ್ನತ್ತ ಸೆಳೆದುಕೊಂಡಿರುತ್ತದೆ. ಹಿಮ ಕಡಿಮೆಯಾದಂತೆ ಆ ಸೆಳೆತವೂ ತಗ್ಗುವುದರಿಂದ ಹಿಮಹಾಸಿನ ಹತ್ತಿರದ ಸಮುದ್ರ ವಾಸ್ತವವಾಗಿ ಇಳಿಯುತ್ತದೆ, ದೂರದ ಸಮುದ್ರ ಸರಾಸರಿಗಿಂತ ಹೆಚ್ಚು ಏರುತ್ತದೆ. ಪಶ್ಚಿಮ ಅಂಟಾರ್ಟಿಕಾ ಕಳೆದುಕೊಂಡ ಹಿಮದ ಪರಿಣಾಮ ಅಲ್ಲಿನ ತೀರಕ್ಕಿಂತ ಅರಬ್ಬಿ ಸಮುದ್ರದ ತೀರಕ್ಕೆ ಹೆಚ್ಚು ತಟ್ಟುವುದು ಈ ಕಾರಣದಿಂದ. ಗುರುತ್ವದ ಈ ಬದಲಾವಣೆಯನ್ನೇ ನೇರವಾಗಿ ಅಳೆಯಲು 2002ರಲ್ಲಿ ಗ್ರೇಸ್ ಎಂಬ ಜೋಡಿ ಉಪಗ್ರಹಗಳನ್ನೂ, 2018ರಲ್ಲಿ ಅದರ ಮುಂದುವರಿಕೆಯಾದ ಇನ್ನೊಂದು ಜೋಡಿಯನ್ನೂ ಹಾರಿಸಲಾಯಿತು. ಎಷ್ಟು ಹಿಮ ಹೋಯಿತೆಂದು ಅವು ತೂಗಿ ಹೇಳಿದರೆ, ಯಾವ ದಾರಿಯಿಂದ ಹೋಯಿತೆಂದು ವೇಗದ ನಕ್ಷೆಗಳು ಹೇಳುತ್ತವೆ.

ಇದೇ ವಿದ್ಯೆಯನ್ನು ನಮ್ಮ ಹಿಮಾಲಯಕ್ಕೆ ಬಳಸಿದ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಉಪಗ್ರಹ ಚಿತ್ರಗಳಿಂದ ಗಂಗೋತ್ರಿ ಹಿಮನದಿಯ ಮೇಲ್ಮೈ ವೇಗವನ್ನು ತೆಗೆದು, ಅದಕ್ಕೆ ಇಳಿಜಾರಿನ ಅಳತೆಯನ್ನೂ ಹಿಮದ ಹರಿವಿನ ನಿಯಮವನ್ನೂ ಸೇರಿಸಿ, ಹಿಮದ ದಪ್ಪವನ್ನು ಅಂದಾಜು ಮಾಡಿ 2014ರಲ್ಲಿ ಪ್ರಕಟಿಸಿದರು: ಮೇಲ್ಭಾಗದಲ್ಲಿ ಸುಮಾರು 540 ಮೀಟರ್, ಮೂತಿಯ ಬಳಿ 50ರಿಂದ 60 ಮೀಟರ್. ಎತ್ತರದ ಹಿಮನದಿಯ ಮೇಲೆ ಕೊರೆಯುವ ಯಂತ್ರ ಹೊರದೆ, ಬೆಂಗಳೂರಿನ ಕಂಪ್ಯೂಟರಿನ ಮುಂದೆ ಕುಳಿತು ಗಂಗೆಯ ಮೂಲದಲ್ಲಿ ಎಷ್ಟು ನೀರು ಹಿಮವಾಗಿ ನಿಂತಿದೆ ಎಂದು ಅಂದಾಜಿಸಿದ ಕೆಲಸವಿದು. ಬೆಂಗಳೂರಿನಲ್ಲಿ ಸಾಧ್ಯವಾದದ್ದು ಹಾಸನದಲ್ಲಿ ಏಕೆ ಸಾಧ್ಯವಾಗಬಾರದು?

ನಮ್ಮ ಊರಿಗೆ ಬಾಹ್ಯಾಕಾಶ ಹೊಸತೇನಲ್ಲ. ಸಾಲಗಾಮೆ ರಸ್ತೆಯಲ್ಲಿರುವ ಇಸ್ರೊದ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ಇನ್ಸಾಟ್ ಸರಣಿಯ ಉಪಗ್ರಹಗಳನ್ನು ನೋಡಿಕೊಳ್ಳುತ್ತ ಬಂದಿದೆ. ಅಲ್ಲಿನ ದೊಡ್ಡ ಬಿಳಿ ಆಂಟೆನಾಗಳನ್ನು ನೋಡುತ್ತಲೇ ಇಲ್ಲಿನ ಎರಡು ತಲೆಮಾರು ಬೆಳೆದಿದೆ. ಅದು 36,000 ಕಿಲೋಮೀಟರ್ ಎತ್ತರದ ಸಂಪರ್ಕ ಮತ್ತು ಹವಾಮಾನ ಉಪಗ್ರಹಗಳ ಕೇಂದ್ರವೇ ಹೊರತು, 750 ಕಿಲೋಮೀಟರಿಗೆ ಹತ್ತಿರದ ಎತ್ತರದಲ್ಲಿ ಸುತ್ತುವ ನಿಸಾರ್‌ನದಲ್ಲ. ಆದರೂ ಬಾಹ್ಯಾಕಾಶವೆಂದರೆ ತಮಗೆ ಸೇರಿದ ಕೆಲಸವೆಂಬ ಭಾವನೆ ಇಲ್ಲಿನ ಮಕ್ಕಳಲ್ಲಿ ಇದೆ. ಆ ಭಾವನೆ ವಿಜ್ಞಾನ ದಿನದ ಭಾಷಣಗಳಲ್ಲಿಯೇ ಮುಗಿದುಹೋಗುವುದನ್ನು ನೋಡಲು ಬೇಸರವಾಗುತ್ತದೆ.

ಬೇಕಾಗುವ ಸಾಮಗ್ರಿ ಹೆಚ್ಚಿಲ್ಲ. ಲ್ಯಾಂಡ್‌ಸ್ಯಾಟ್ ಚಿತ್ರಗಳ ಇಡೀ ಭಂಡಾರ 2008ರಿಂದ ಉಚಿತವಾಗಿದೆ. ಐರೋಪ್ಯ ಸೆಂಟಿನೆಲ್-1ರ ರೇಡಾರ್ ಮಾಹಿತಿ 2014ರಿಂದ ಬರುತ್ತಿದ್ದು ಅದೂ ಉಚಿತ. ನಾಸಾದ ಇಟ್ಸ್‌ಲೈವ್ ಯೋಜನೆ ಜಗತ್ತಿನ ಹಿಮನದಿಗಳ ಮತ್ತು ಹಿಮಹಾಸುಗಳ ವೇಗವನ್ನು ಸಿದ್ಧ ರೂಪದಲ್ಲೇ ಕೊಡುತ್ತದೆ. ನಕ್ಷೆಯ ಮೇಲೆ ಒಂದು ಬಿಂದುವನ್ನು ಒತ್ತಿದರೆ ಆ ಜಾಗದ ವೇಗ ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಗಿದೆ ಎಂಬ ರೇಖಾಚಿತ್ರ ತೆರೆಯುತ್ತದೆ. ಮೊದಲ ಹೆಜ್ಜೆಗೆ ರೇಡಾರ್ ಸಂಸ್ಕರಣೆಯ ಕಷ್ಟದ ಭಾಗ ಬೇಕಾಗಿಯೇ ಇಲ್ಲ. ಎರಡು ಲ್ಯಾಂಡ್‌ಸ್ಯಾಟ್ ಚಿತ್ರಗಳಲ್ಲಿ ಒಂದೇ ಬಿರುಕನ್ನು ಗುರುತಿಸಿ, ಸರಿದ ದೂರವನ್ನು ದಿನಗಳಿಂದ ಭಾಗಿಸಿ, ಬಂದ ಉತ್ತರವನ್ನು ಪ್ರಕಟಿತ ವೇಗದೊಂದಿಗೆ ಹೋಲಿಸುವ ಅಭ್ಯಾಸವನ್ನು ಎರಡನೆಯ ವರ್ಷದ ಬಿ.ಎಸ್ಸಿ. ವಿದ್ಯಾರ್ಥಿ ಮಾಡಬಲ್ಲ. ಅನಂತರ ಆಸಕ್ತಿಯುಳ್ಳವರು ರೇಡಾರಿನ ಕಡೆಗೆ ಬರಲಿ. ಕಲಿತ ವಿದ್ಯೆ ಧ್ರುವಕ್ಕೆ ಮಾತ್ರ ಮೀಸಲಾಗುವುದೂ ಇಲ್ಲ. ಶಿರಾಡಿ ಘಾಟಿಯಲ್ಲಿ ಗುಡ್ಡ ಒಮ್ಮೆಲೇ ಜರಿಯುವುದನ್ನು ಯಾವ ಉಪಗ್ರಹವೂ ಆ ಕ್ಷಣದಲ್ಲಿ ತಡೆಯಲಾರದು, ಆದರೆ ಜರಿಯುವ ಮೊದಲು ಕೆಲವು ಇಳಿಜಾರುಗಳು ತಿಂಗಳುಗಟ್ಟಲೆ ತೋರುವ ಸಣ್ಣ ಚಲನೆಯನ್ನು ಇದೇ ವಿಧಾನದಿಂದ ಹುಡುಕಬಹುದು, ಮತ್ತು ಮಲೆನಾಡಿನ ದಟ್ಟ ಹಸಿರಿನಡಿಯ ನೆಲವನ್ನು ನೋಡಲು ಎಲ್-ಬ್ಯಾಂಡಿನ ಉದ್ದ ಅಲೆಯೇ ಹೆಚ್ಚು ತಕ್ಕದ್ದು.

ಆದ್ದರಿಂದ ಜಿಲ್ಲೆಯ ಕಾಲೇಜುಗಳ ಪ್ರಾಂಶುಪಾಲರಲ್ಲಿ, ಹೇಮಗಂಗೋತ್ರಿಯ ವಿಶ್ವವಿದ್ಯಾಲಯದಲ್ಲಿ ಪಠ್ಯಕ್ರಮ ರೂಪಿಸುವವರಲ್ಲಿ ನನ್ನ ವಿನಂತಿ ಇಷ್ಟು: ಭೂಗೋಳ ಮತ್ತು ಭೌತಶಾಸ್ತ್ರದ ಪ್ರಾಯೋಗಿಕ ತರಗತಿಗಳಲ್ಲಿ ಉಪಗ್ರಹ ಮಾಹಿತಿಯಿಂದ ಹಿಮದ ವೇಗ ಅಳೆಯುವ ಒಂದು ಅಭ್ಯಾಸವನ್ನು ಸೇರಿಸಿ, ಅದರ ಸೂಚನೆಗಳನ್ನು ಕನ್ನಡದಲ್ಲಿಯೇ ಬರೆಸಿ. ಹಳ್ಳಿಗಳಿಂದ ಬರುವ ಮಕ್ಕಳು ಸೋಲುವುದು ಹೆಚ್ಚಾಗಿ ಇಂಗ್ಲಿಷಿನ ಮುಂದೆ, ಗಣಿತದ ಮುಂದೆ ಅಲ್ಲ. ಸೂಚನೆಗಳನ್ನು ಬರೆಯುವ ಕೆಲಸದಲ್ಲಿ ನನ್ನಂಥ ನಿವೃತ್ತರು ಸಂಬಳವಿಲ್ಲದೆ ಕೈಜೋಡಿಸಲು ಸಿದ್ಧರಿದ್ದೇವೆ. ತಮ್ಮಲ್ಲಿಯೂ ಒಂದು ವಿನಂತಿ: ಧ್ರುವದ ಹಿಮದ ಸುದ್ದಿ ಬಂದಾಗ ಎಷ್ಟು ಹಿಮ ಕರಗಿತು ಎಂಬುದರ ಜೊತೆಗೆ ಯಾವ ಹಿಮನದಿ, ಎಷ್ಟು ವೇಗ, ಅದನ್ನು ಯಾವ ಉಪಗ್ರಹ ಹೇಗೆ ಅಳೆಯಿತು ಎಂಬ ವಿವರಕ್ಕೂ ನಾಲ್ಕು ಸಾಲು ಜಾಗ ಕೊಡಿ. ಅಂಥ ಒಂದು ವರದಿಯನ್ನು ತರಗತಿಗೆ ಒಯ್ದರೆ, ಅದರಲ್ಲಿರುವ ಅಂಕಿಯನ್ನು ವಿದ್ಯಾರ್ಥಿಗಳು ಅದೇ ವಾರ ತಾವೇ ಅಳೆದು ಪರೀಕ್ಷಿಸಬಹುದು.

ಗೌರವಗಳೊಂದಿಗೆ,
ನಿವೃತ್ತ ಭೂಗೋಳ ಉಪನ್ಯಾಸಕ,
ಹಾಸನ